ಲಿಮಿಟಿಂಗ್ ರಿಯಾಕ್ಟಂಟ್: ಮೊದಲು ಮುಗಿಯುವುದು ಯಾವುದು?

ರಾಸಾಯನಿಕ ಕ್ರಿಯೆಯಲ್ಲಿ ಯಾವ ಪ್ರತಿವರ್ತಕ ಮೊದಲು ಪೂರ್ತಿ ಖರ್ಚಾಗುತ್ತದೋ ಅದೇ ಲಿಮಿಟಿಂಗ್ ರಿಯಾಕ್ಟಂಟ್. ಅದು ಮುಗಿದರೆ ಕ್ರಿಯೆ ಅಲ್ಲಿಗೆ ನಿಂತಿತು. ಇನ್ನೊಂದು ಎಷ್ಟೇ ಇರಲಿ, ಸುಮ್ನೆ ಉಳಿಯುತ್ತದೆ.

ಪಿಯುಸಿ ಮಕ್ಕಳು ಎಡವುವುದು ತೂಕದಲ್ಲಿ. ಕಡಿಮೆ ತೂಕದ್ದೇ ಮೊದಲು ಮುಗಿಯುತ್ತದೆ ಅಂದುಕೊಳ್ಳುತ್ತಾರೆ. ತೀರ್ಥಹಳ್ಳಿ, ಹೊಸನಗರ ಕಡೆಯವರಿಗಾದರೆ ಬೋರ್ಡೋ ದ್ರಾವಣಕ್ಕಿಂತ ಒಳ್ಳೆಯ ಲೆಕ್ಕ ಇನ್ನೊಂದಿಲ್ಲ. ಅಡಿಕೆಗೆ ಕೊಳೆ ಬಾರದಿರಲಿ ಅಂತ ಮಳೆ ಹಿಡಿಯುವ ಮುಂಚೆ ಕೊನೆಗಳಿಗೆ ಹೊಡೆಯುವ ಔಷಧಿ ಅದು. ಶೇಕಡಾ 1ರ ದ್ರಾವಣ ಅಂದರೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ (ಕಾಪರ್ ಸಲ್ಫೇಟ್), 1 ಕೆಜಿ ಸುಣ್ಣ. ತೂಕ ಸಮಸಮ. ಹಾಗಂತ ಎರಡೂ ಒಟ್ಟಿಗೆ ಮುಗಿಯುತ್ತವಾ? ಇಲ್ಲ.

ಅಣುಗಳು ಸೇರುವುದು ಎಣಿಕೆಯ ಪ್ರಕಾರ, ತೂಕದ ಪ್ರಕಾರ ಅಲ್ಲ. ಆದ್ದರಿಂದ ಗ್ರಾಂ ಅನ್ನು ಮೊದಲು ಮೋಲ್‌ಗೆ ತಿರುಗಿಸಬೇಕು. ಮೋಲ್ ಅಂದರೆ ಡಜನ್ ಇದ್ದ ಹಾಗೆ, ಕಣಗಳ ಒಂದು ನಿಶ್ಚಿತ ಎಣಿಕೆ. ಮೈಲುತುತ್ತದ ಒಂದು ಮೋಲ್, ಹರಳಿನೊಳಗಿನ ನೀರೂ ಸೇರಿ, ಸುಮಾರು 250 ಗ್ರಾಂ. ಅಲ್ಲಿಗೆ 1 ಕೆಜಿ ಅಂದರೆ 4 ಮೋಲ್. ಅರಳಿದ ಸುಣ್ಣದ ಒಂದು ಮೋಲ್ 74 ಗ್ರಾಂ. 1 ಕೆಜಿಯಲ್ಲಿ 13.5 ಮೋಲ್! ಸರಳವಾಗಿ ಬರೆದರೆ ಒಂದು ಮೋಲ್ ಮೈಲುತುತ್ತಕ್ಕೆ ಒಂದು ಮೋಲ್ ಸುಣ್ಣ ಸಾಕು. ಹಾಗಾಗಿ ಇಲ್ಲಿ ಮೈಲುತುತ್ತವೇ ಲಿಮಿಟಿಂಗ್. ಲೆಕ್ಕದ ಪ್ರಕಾರ ಬೇಕಾದ ಸುಣ್ಣ 300 ಗ್ರಾಂನಷ್ಟೂ ಇಲ್ಲ.

ಮತ್ತೆ 1 ಕೆಜಿ ಯಾಕೆ? ಸುಣ್ಣವನ್ನು ಪೂರ್ತಿ ನಂಬುವ ಹಾಗಿಲ್ಲ, ಅದಕ್ಕೆ. ಗಾಳಿಗೆ ಬಿಟ್ಟ ಸುಣ್ಣ ಇಂಗಾಲದ ಡೈಆಕ್ಸೈಡ್ ಹೀರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ತಕ್ಕಡಿಗೆ ಇದು ಗೊತ್ತಾಗುವುದಿಲ್ಲ. ಆ 1 ಕೆಜಿಯಲ್ಲಿ ಕೆಲಸಕ್ಕೆ ಬರುವ ಸುಣ್ಣ 200 ಗ್ರಾಂ ಮಾತ್ರ ಅಂತಿಟ್ಟುಕೊಳ್ಳಿ. ಅದು 2.7 ಮೋಲ್. ಈಗ ಸುಣ್ಣವೇ ಲಿಮಿಟಿಂಗ್. 1.3 ಮೋಲ್, ಅಂದರೆ ಸುಮಾರು 325 ಗ್ರಾಂ ಮೈಲುತುತ್ತ ಹಾಗೇ ಉಳಿಯಿತು. ಅದನ್ನೇ ಹೊಡೆದರೆ ಎಳೆ ಭಾಗಗಳು ಸುಡುತ್ತವೆ.

ಎಲ್ಲ ಕ್ರಿಯೆಯಲ್ಲೂ ಒಂದಕ್ಕೊಂದು ಅನುಪಾತ ಇರುವುದಿಲ್ಲ. ನೀರು ಆಗಲು 2 ಮೋಲ್ ಹೈಡ್ರೋಜನ್‌ಗೆ 1 ಮೋಲ್ ಆಕ್ಸಿಜನ್ ಬೇಕು. 5 ಮೋಲ್ ಹೈಡ್ರೋಜನ್, 3 ಮೋಲ್ ಆಕ್ಸಿಜನ್ ಇದ್ದರೆ? ಪ್ರತಿಯೊಂದರ ಮೋಲ್ ಅನ್ನು ಸಮೀಕರಣದಲ್ಲಿ ಅದರ ಮುಂದಿರುವ ಸಂಖ್ಯೆಯಿಂದ ಭಾಗಿಸಿ. 5ನ್ನು 2ರಿಂದ ಭಾಗಿಸಿದರೆ 2.5, 3ನ್ನು 1ರಿಂದ ಭಾಗಿಸಿದರೆ 3. ಚಿಕ್ಕದು ಬಂದದ್ದೇ ಲಿಮಿಟಿಂಗ್. ಮೋಲ್ ಜಾಸ್ತಿ ಇದ್ದರೂ ಹೈಡ್ರೋಜನ್ನೇ ಮೊದಲು ಮುಗಿಯುತ್ತದೆ. ಉತ್ಪನ್ನ ಎಷ್ಟು ಅಂತ ಕೇಳಿದರೆ ಅದರಿಂದಲೇ ಲೆಕ್ಕ ಹಾಕಬೇಕು: 5 ಮೋಲ್ ನೀರು.

ತೋಟದಲ್ಲಿ ಮೋಲ್ ಎಣಿಸಲು ಆಗುವುದಿಲ್ಲ ಅಲ್ವಾ? ಅದಕ್ಕೇ ಉಜ್ಜಿದ ಕತ್ತಿಯನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ನೋಡುವುದು. ಮೈಲುತುತ್ತ ಉಳಿದಿದ್ದರೆ ಅದರ ತಾಮ್ರ ಕಬ್ಬಿಣದ ಮೇಲೆ ಕೂತು ಅಲಗು ಕೆಂಪಗಾಗುತ್ತದೆ. ಆಗ ಸುಣ್ಣದ ತಿಳಿ ಇನ್ನಷ್ಟು ಸೇರಿಸಿ ಕಲಕಬೇಕು, ಕತ್ತಿ ಕೆಂಪಾಗುವುದು ನಿಲ್ಲುವವರೆಗೆ.