ಪಟ್ಟಿಯಲ್ಲಿಲ್ಲದ ಆ ಒಂದು ವಾರ

ಕ್ರೀಡಾ ಪುಟದ ಡೆಸ್ಕಿನಲ್ಲಿ ಕೂತವರಿಗೆ ಪಟ್ಟಿಗಳ ಸಹವಾಸ ತಪ್ಪಿದ್ದಲ್ಲ. ರಣಜಿ ಗೆದ್ದವರು, ವಿಂಬಲ್ಡನ್ ಗೆದ್ದವರು, ಒಲಿಂಪಿಕ್ಸ್ ಪದಕ ತಂದವರು. ಇವೆಲ್ಲ ಸಲೀಸು. ಇಸವಿ, ಹೆಸರು, ಊರು ಹಾಕಿದರೆ ಮುಗಿಯಿತು. ನನ್ನಿಂದ ಜಾಸ್ತಿ ಕೆಲಸ ಮಾಡಿಸಿದ್ದು ಅಮೆರಿಕದ ಕುಸ್ತಿ ಪ್ರದರ್ಶನದ ಕಂಪನಿ ಡಬ್ಲ್ಯುಡಬ್ಲ್ಯುಇ ಚಾಂಪಿಯನ್‌ಗಳ ಪಟ್ಟಿ.

‘ಅದೆಲ್ಲ ಮೊದಲೇ ಮಾತಾಡಿಕೊಂಡು ಆಡೋದಲ್ವಾ ಸಾರ್, ಅದಕ್ಕೆಂಥ ಇತಿಹಾಸ?’ ಎಂದು ಡೆಸ್ಕಿಗೆ ಹೊಸದಾಗಿ ಬಂದ ಹುಡುಗರು ಕೇಳುತ್ತಾರೆ. ಯಾರು ಗೆಲ್ಲಬೇಕು ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ, ನಿಜ. ಆದರೆ ಆ ತೀರ್ಮಾನ ಯಾರದ್ದು, ಯಾಕೆ ಹಾಗೆ ಮಾಡಿದರು? ಇದರ ಇತಿಹಾಸ ಇರುವುದೇ ಅಲ್ಲಿ. ನಮ್ಮಲ್ಲಿ ಪಟ್ಟ ಕಟ್ಟುವುದು ಅಂತೀವಿ. ಕಟ್ಟುವುದಕ್ಕೆ ಒಬ್ಬರು ಬೇಕೇ ಬೇಕು. ಸೊಂಟಕ್ಕೆ ಕಟ್ಟುವ ಈ ಪಟ್ಟವನ್ನು ಕಟ್ಟಿದವರು ಪ್ರಮೋಟರ್‌ಗಳು, ಅಂದರೆ ಊರೂರಲ್ಲಿ ಪಂದ್ಯ ಇಟ್ಟು ಟಿಕೆಟ್ ಮಾರುತ್ತಿದ್ದವರು.

1948ರಲ್ಲಿ ಅಮೆರಿಕದ ಅಯೋವಾ ರಾಜ್ಯದ ವಾಟರ್‌ಲೂನಲ್ಲಿ ಕೆಲವು ಪ್ರಮೋಟರ್‌ಗಳು ಸೇರಿ ನ್ಯಾಷನಲ್ ರೆಸ್ಲಿಂಗ್ ಅಲಯನ್ಸ್ ಕಟ್ಟಿಕೊಂಡರು. ಒಬ್ಬರ ಸೀಮೆಗೆ ಇನ್ನೊಬ್ಬರು ಕೈ ಹಾಕಬಾರದು, ಎಲ್ಲರಿಗೂ ಸೇರಿ ಒಬ್ಬನೇ ವಿಶ್ವ ಚಾಂಪಿಯನ್, ಅವನು ಎಲ್ಲರ ಊರಿಗೂ ಬಂದು ಆಡಬೇಕು ಎಂಬುದು ಒಪ್ಪಂದ. ಚಾಂಪಿಯನ್ ಆದವನು ಕೂಟದಲ್ಲಿ ಠೇವಣಿ ಇಡಬೇಕಿತ್ತು. ಬೆಲ್ಟ್ ಹೊತ್ತುಕೊಂಡು ಹೋಗಿಬಿಟ್ಟರೆ ಎಂಬ ಭಯ ಅವರಿಗೆ.

1961ರ ಜೂನ್ 30ರಂದು ಷಿಕಾಗೊದ ಕೊಮಿಸ್ಕಿ ಪಾರ್ಕ್‌ನಲ್ಲಿ ಬಡ್ಡಿ ರಾಜರ್ಸ್ ಆ ಪಟ್ಟ ಗೆದ್ದರು. ನೋಡಲು 38 ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಆದರೆ ರಾಜರ್ಸ್ ಅವರ ಪಂದ್ಯಗಳನ್ನು ಗೊತ್ತುಮಾಡುತ್ತಿದ್ದವರು ಈಶಾನ್ಯ ಅಮೆರಿಕದ ಪ್ರಮೋಟರ್‌ಗಳಾದ ವಿನ್ಸೆಂಟ್ ಜೆ. ಮೆಕ್‌ಮ್ಯಾನ್ ಮತ್ತು ಟೂಟ್ಸ್ ಮಾಂಟ್. ಚಾಂಪಿಯನ್ ತಮ್ಮ ಕಡೆ ಬರುವುದೇ ಕಡಿಮೆಯಾಯಿತು ಎಂದು ಉಳಿದವರು ಗೊಣಗಿದರು. ಕೊನೆಗೆ 1963ರ ಜನವರಿ 24ರಂದು ಟೊರಾಂಟೊದಲ್ಲಿ ಲೂ ಥೆಸ್ ಎದುರು ರಾಜರ್ಸ್ ಸೋಲಬೇಕಾಯಿತು. ಥೆಸ್ ನಿಜವಾದ ಹಿಡಿತ, ಪಟ್ಟು ಬಲ್ಲ ಪೈಲ್ವಾನ್. ಅಂಥವರನ್ನು ಎದುರು ನಿಲ್ಲಿಸಿದರೆ ಆಟ ಹೇಳಿದ ಹಾಗೆಯೇ ನಡೆಯುತ್ತದೆ ಎಂದು ಕೂಟಕ್ಕೆ ಗೊತ್ತಿತ್ತು.

ಈಶಾನ್ಯದವರು ಇದನ್ನು ಒಪ್ಪಲಿಲ್ಲ. ವಿಶ್ವ ಪಟ್ಟದ ಪಂದ್ಯ ಸಾಮಾನ್ಯವಾಗಿ ಮೂರು ಸುತ್ತಿನದ್ದು, ಎರಡು ಗೆದ್ದವನು ಚಾಂಪಿಯನ್. ಟೊರಾಂಟೊದಲ್ಲಿ ನಡೆದದ್ದು ಒಂದೇ ಸುತ್ತು, ಹಾಗಾಗಿ ಅದು ಲೆಕ್ಕಕ್ಕಿಲ್ಲ ಎಂದರು. ವರ್ಲ್ಡ್ ವೈಡ್ ರೆಸ್ಲಿಂಗ್ ಫೆಡರೇಷನ್ ಎಂಬ ಸ್ವಂತ ಸಂಸ್ಥೆ ತೆರೆದು, ರಾಜರ್ಸ್ ಅವರನ್ನೇ ಮೊದಲ ಚಾಂಪಿಯನ್ ಎಂದು ಸಾರಿದರು. ಬ್ರೆಜಿಲ್‌ನ ರಿಯೊ ಡಿ ಜನೈರೊದಲ್ಲಿ ಟೂರ್ನಿ ನಡೆಯಿತು, ಅದರಲ್ಲಿ ಅವರು ಗೆದ್ದರು ಎಂದು ಹೇಳಲಾಯಿತು. ಅಂಥ ಟೂರ್ನಿ ನಡೆದೇ ಇರಲಿಲ್ಲ. ಆ ಸಂಸ್ಥೆಯೇ ಮುಂದೆ ಡಬ್ಲ್ಯುಡಬ್ಲ್ಯುಇ ಆಯಿತು, ಇಂದಿನ ಪಟ್ಟದ ಮೊದಲ ಸಾಲು ಅದೇ. ನಾನು ಪಟ್ಟಿ ಬರೆಯುವಾಗ ಆ ಸಾಲನ್ನು ಬಿಡುವುದಿಲ್ಲ. ಪಕ್ಕದಲ್ಲಿ ‘ಕಂಪನಿ ಹೇಳುವ ಪ್ರಕಾರ’ ಎಂದು ಸೇರಿಸುತ್ತೇನೆ.

1963ರ ಮೇ 17, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಬ್ರೂನೊ ಸಮ್ಮಾರ್ಟಿನೊ ಬರೀ 48 ಸೆಕೆಂಡಿನಲ್ಲಿ ರಾಜರ್ಸ್ ಅವರನ್ನು ಸೋಲಿಸಿದರು. ಆಮೇಲೆ 1971ರ ಜನವರಿ 18ರವರೆಗೆ ಪಟ್ಟ ಅವರದ್ದೇ. ಒಟ್ಟು 2,803 ದಿನ. ಇವರೇ ಯಾಕೆ? ಸಮ್ಮಾರ್ಟಿನೊ ಹುಟ್ಟಿದ್ದು ಇಟಲಿಯ ಬೆಟ್ಟದೂರಿನಲ್ಲಿ. ಯುದ್ಧದ ಕಾಲದಲ್ಲಿ ಜರ್ಮನ್ ಸೈನಿಕರಿಗೆ ಸಿಗದಂತೆ ಅಮ್ಮ ಮಕ್ಕಳನ್ನು ಬೆಟ್ಟದ ಮೇಲೆ ಬಚ್ಚಿಟ್ಟು ಕಾಪಾಡಿದ್ದರು. ಅಮೆರಿಕಕ್ಕೆ ಬಂದಾಗ ಬಡಕಲು ಹುಡುಗ. ನ್ಯೂಯಾರ್ಕಿನಲ್ಲಿ ಇಟಲಿಯಿಂದ ಬಂದ ಕುಟುಂಬಗಳು ಬೇಕಾದಷ್ಟಿದ್ದವು. ಅವರ ಪಾಲಿಗೆ ಇವನು ನಮ್ಮ ಮನೆ ಹುಡುಗ. ಇವಾನ್ ಕೊಲೊಫ್ ಎದುರು ಸೋತ ರಾತ್ರಿ ಇಡೀ ಗಾರ್ಡನ್ ಎಷ್ಟು ಸ್ತಬ್ಧವಾಯಿತೆಂದರೆ, ತಮಗೆ ಕಿವಿಯೇ ಕೇಳಿಸುತ್ತಿಲ್ಲವೇನೋ ಅನ್ನಿಸಿತು ಎಂದು ಸಮ್ಮಾರ್ಟಿನೊ ಮುಂದೆ ಹೇಳಿಕೊಂಡಿದ್ದಾರೆ. ಆ ಮೌನಕ್ಕೆ ಯಾರೂ ಸ್ಕ್ರಿಪ್ಟ್ ಬರೆದಿರಲಿಲ್ಲ. ಆ ಕ್ಷಣದ ಬಗ್ಗೆ ಓದಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಕೊಲೊಫ್ ಪಟ್ಟದಲ್ಲಿ ಇದ್ದದ್ದು 21 ದಿನ. ಅವರಿಂದ ಗೆದ್ದವರು ಪೋರ್ಟೊ ರಿಕೊದ ಪೆಡ್ರೊ ಮೊರಾಲೆಸ್. ನ್ಯೂಯಾರ್ಕಿನಲ್ಲಿ ಪೋರ್ಟೊ ರಿಕೊ ಜನರೂ ದಂಡಿಯಾಗಿದ್ದರು. ಈಗ ಕೊಲೊಫ್ ಕೆಲಸ ಏನೆಂದು ಅರ್ಥವಾಯಿತಲ್ವಾ? ಜನ ಪ್ರೀತಿಸುವ ಇಬ್ಬರಲ್ಲಿ ಒಬ್ಬ ಇನ್ನೊಬ್ಬನನ್ನು ಸೋಲಿಸಿದರೆ ಅರ್ಧ ಊರು ಮುನಿಸಿಕೊಳ್ಳುತ್ತದೆ. ಅದಕ್ಕೇ ನಡುವೆ ಒಬ್ಬ ಖಳನಾಯಕ ಬಂದು ಪಟ್ಟ ದಾಟಿಸಿ ಹೋಗುತ್ತಾನೆ. 1973ರ ಡಿಸೆಂಬರ್‌ನಲ್ಲಿ ಮೊರಾಲೆಸ್ ಕೈಯಿಂದ ಮತ್ತೆ ಸಮ್ಮಾರ್ಟಿನೊ ಕೈಗೆ ಪಟ್ಟ ದಾಟಿಸಿದವರು ಸ್ಟಾನ್ ಸ್ಟೇಸಿಯಾಕ್, ಬರೀ ಒಂಬತ್ತು ದಿನದ ಚಾಂಪಿಯನ್. ಪಟ್ಟಿಯಲ್ಲಿ ಇಂಥ ಪುಟ್ಟ ಅವಧಿ ಕಂಡರೆ ಅದರ ಹಿಂದಿನ ಹೆಸರು, ಮುಂದಿನ ಹೆಸರು ಎರಡನ್ನೂ ನೋಡಿ ಎಂದು ನಾನು ಹುಡುಗರಿಗೆ ಹೇಳುತ್ತೇನೆ.

ಈಗ ನನ್ನದೇ ಒಂದು ತಪ್ಪು. ಬಹಳ ವರ್ಷದ ಹಿಂದೆ ಒಂದು ಬಾಕ್ಸ್ ಐಟಂನಲ್ಲಿ, ಬಾಬ್ ಬ್ಯಾಕ್‌ಲಂಡ್ 1978ರ ಫೆಬ್ರವರಿ 20ರಿಂದ 1983ರ ಡಿಸೆಂಬರ್ 26ರವರೆಗೆ ಒಂದು ದಿನವೂ ಬಿಡದೆ ಚಾಂಪಿಯನ್ ಆಗಿದ್ದರು ಎಂದು ಬರೆದಿದ್ದೆ. 2,135 ದಿನ ಎಂದು ಎಣಿಸಿಯೂ ಹಾಕಿದ್ದೆ. ಮರುದಿನ ಬೆಳಿಗ್ಗೆ ಓದುಗರೊಬ್ಬರ ಫೋನ್. ‘ಜಪಾನಿನ ಪಂದ್ಯ ಎಲ್ಲಿ ಹೋಯ್ತು?’ ಎಂದರು. ಅವರ ಮಾತು ಸರಿಯಿತ್ತು. 1979ರ ನವೆಂಬರ್ 30ರಂದು ಜಪಾನಿನ ಟೊಕುಶಿಮಾದಲ್ಲಿ ಆಂಟೊನಿಯೊ ಇನೋಕಿ ಬ್ಯಾಕ್‌ಲಂಡ್ ಅವರನ್ನು ಸೋಲಿಸಿದ್ದರು. ಪಟ್ಟ ಕೈ ಬದಲಾಗಿತ್ತು. ಡಿಸೆಂಬರ್ 6ರಂದು ಟೋಕಿಯೊದಲ್ಲಿ ಮರುಪಂದ್ಯ ನಡೆಯಿತು. ಪಂಜಾಬಿನಲ್ಲಿ ಹುಟ್ಟಿದ ಪೈಲ್ವಾನ್ ಟೈಗರ್ ಜೀತ್ ಸಿಂಗ್ ನಡುವೆ ನುಗ್ಗಿದರು. ಪಂದ್ಯಕ್ಕೆ ಫಲಿತಾಂಶವಿಲ್ಲ ಎಂದಾಯಿತು. ಹೀಗೆ ಉಳಿಯುವ ಪಟ್ಟ ಬೇಡ ಎಂದು ಇನೋಕಿ ಬಿಟ್ಟುಕೊಟ್ಟರು. ಡಿಸೆಂಬರ್ 17ರಂದು ನ್ಯೂಯಾರ್ಕಿನಲ್ಲಿ ಬ್ಯಾಕ್‌ಲಂಡ್ ಬಾಬಿ ಡಂಕಮ್ ಅವರನ್ನು ಸೋಲಿಸಿ ಮತ್ತೆ ಪಟ್ಟ ಹಿಡಿದರು. ಅಮೆರಿಕದ ಪ್ರೇಕ್ಷಕರಿಗೆ ಜಪಾನಿನ ಸುದ್ದಿಯನ್ನೇ ಹೇಳಲಿಲ್ಲ. ಜಪಾನಿನ ಜನರಿಗೆ ತಮ್ಮವರು ಗೆದ್ದದ್ದನ್ನು ನೋಡುವ ಸಂತೋಷ ಸಿಕ್ಕಿತು, ಅಮೆರಿಕದವರಿಗೆ ತಮ್ಮ ಚಾಂಪಿಯನ್ ಹಾಗೇ ಉಳಿದರು. ಎರಡು ದೇಶಕ್ಕೆ ಎರಡು ಇತಿಹಾಸ. ಆಗ ಇಂಟರ್ನೆಟ್ ಇರಲಿಲ್ಲ, ನಡೆದುಹೋಯಿತು.

ಆಮೇಲಿನದ್ದು ಕೇಬಲ್ ಟಿವಿ ಮತ್ತು ಟ್ರಂಪ್ ಕಾರ್ಡಿನ ಕಾಲದಿಂದ ನಮ್ಮಲ್ಲಿ ಎಷ್ಟೋ ಜನರಿಗೆ ಬಾಯಿಪಾಠ. 1984ರ ಜನವರಿಯಲ್ಲಿ ಹಲ್ಕ್ ಹೋಗನ್, ಮುಂದೆ ಬ್ರೆಟ್ ಹಾರ್ಟ್, ಸ್ಟೋನ್ ಕೋಲ್ಡ್, ರಾಕ್. 1997ರ ನವೆಂಬರ್ 9ರ ಮಾಂಟ್ರಿಯಲ್ ಪಂದ್ಯದ ಬಗ್ಗೆ ಮಾತ್ರ ಒಂದು ಮಾತು. ಆಗ ಚಾಂಪಿಯನ್ ಆಗಿದ್ದ ಬ್ರೆಟ್ ಹಾರ್ಟ್ ಎದುರಾಳಿ ಕಂಪನಿಗೆ ಹೊರಟಿದ್ದರು. ತಮ್ಮ ದೇಶ ಕೆನಡಾದಲ್ಲೇ ಸೋಲಲು ಅವರಿಗೆ ಮನಸ್ಸಿರಲಿಲ್ಲ. ಎರಡು ವರ್ಷದ ಹಿಂದಷ್ಟೇ ಮಹಿಳಾ ಚಾಂಪಿಯನ್ ಒಬ್ಬರು ಇದೇ ಕಂಪನಿಯ ಬೆಲ್ಟನ್ನು ಎದುರಾಳಿಯ ಟಿವಿ ಶೋನಲ್ಲಿ ಕಸದ ಡಬ್ಬಿಗೆ ಹಾಕಿದ್ದರು. ಆಗಿನ ಮಾಲೀಕ, ಹಳೆಯ ಪ್ರಮೋಟರ್ ಮೆಕ್‌ಮ್ಯಾನ್ ಅವರ ಮಗ ವಿನ್ಸ್ ಮೆಕ್‌ಮ್ಯಾನ್, ಬ್ರೆಟ್ ಸೋಲೊಪ್ಪದಿದ್ದರೂ ಗಂಟೆ ಬಾರಿಸಿ ಎಂದು ಕೂಗಿ ಪಂದ್ಯ ಮುಗಿಸಿಬಿಟ್ಟರು. ಠೇವಣಿ ಇಡಿಸಿಕೊಳ್ಳುತ್ತಿದ್ದ ಕಾಲದ ಭಯವೇ ಇಲ್ಲೂ ಇದ್ದದ್ದು.

2017ರ ಮೇ 21ರಂದು ಜಿಂದರ್ ಮಹಲ್ ರಾಂಡಿ ಆರ್ಟನ್ ಅವರನ್ನು ಸೋಲಿಸಿದಾಗ ನಮ್ಮ ಡೆಸ್ಕಿಗೆ ಒಂದೇ ಸಮನೆ ಫೋನ್. ‘ಭಾರತದವರಾ ಸಾರ್?’ ಹುಟ್ಟಿದ್ದು ಕೆನಡಾದ ಕ್ಯಾಲ್ಗರಿಯಲ್ಲಿ, ಕುಟುಂಬ ಪಂಜಾಬಿ. ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ಶೋ ಇತ್ತು. ಆದರೆ ನವೆಂಬರ್ 7ರಂದೇ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಪಟ್ಟ ಎ.ಜೆ. ಸ್ಟೈಲ್ಸ್ ಪಾಲಾಗಿತ್ತು. ದೆಹಲಿಯ ಜನರ ಎದುರು ಅವರು ಬೆಲ್ಟ್ ಇಲ್ಲದೆ ಬಂದರು. ಸಮ್ಮಾರ್ಟಿನೊ ಮತ್ತು ಮೊರಾಲೆಸ್ ಅವರಿಗೆ ತಮ್ಮವರ ಮುಂದೆ ಸಿಕ್ಕ ಆ ಅವಕಾಶ ಇವರಿಗೂ ಸಿಗಬೇಕಿತ್ತು ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ.

ಫೋನ್ ಮಾಡಿದ ಆ ಓದುಗರ ಹೆಸರನ್ನು ನಾನು ಕೇಳಿಕೊಳ್ಳಲಿಲ್ಲ. ಪಟ್ಟಿಯನ್ನಂತೂ ಅವತ್ತೇ ತಿದ್ದಿದೆ. ಬ್ಯಾಕ್‌ಲಂಡ್ ಸಾಲಿನ ಕೆಳಗೆ ಇನೋಕಿ ಅವರ ಸಾಲು ಇದೆ. ಟೊಕುಶಿಮಾ, 30 ನವೆಂಬರ್ 1979. ಕಂಪನಿಯ ಲೆಕ್ಕದಲ್ಲಿ ಅವರಿಗೆ ಸ್ಥಾನವಿಲ್ಲದ್ದರಿಂದ ಕ್ರಮಸಂಖ್ಯೆಯ ಜಾಗ ಮಾತ್ರ ಖಾಲಿ.