ಉಂಬಳ ಬಿಟ್ಟ ಮೇಲೂ ರಕ್ತ ಏಕೆ ನಿಲ್ಲುವುದಿಲ್ಲ?

ಪ್ರಶ್ನೆ: ಮಳೆಗಾಲದಲ್ಲಿ ತೋಟಕ್ಕೆ ಹೋಗಿ ಬಂದರೆ ಕಾಲಲ್ಲಿ ಉಂಬಳ. ಕಚ್ಚಿದ್ದು ಗೊತ್ತೇ ಆಗುವುದಿಲ್ಲ, ಕಿತ್ತ ಮೇಲೆ ರಕ್ತ ಮಾತ್ರ ನಿಲ್ಲುವುದಿಲ್ಲ. ‘ಕೆಟ್ಟ ರಕ್ತ, ಹೋಗಲಿ ಬಿಡು’ ಅನ್ನುತ್ತಾರೆ ಅಮ್ಮ. ನಿಜವೇ?
– ಪಿಯುಸಿ ವಿದ್ಯಾರ್ಥಿನಿ, ಹೊಸನಗರ ತಾಲ್ಲೂಕು

ಅಮ್ಮ ಧೈರ್ಯ ಹೇಳಲು ಹಾಗೆ ಅನ್ನುತ್ತಾರೆ. ಆದರೆ ಉಂಬಳಕ್ಕೆ, ಅಂದರೆ ನೆಲದ ಮೇಲಿನ ಜಿಗಣೆಗೆ, ಒಳ್ಳೆಯ ರಕ್ತ, ಕೆಟ್ಟ ರಕ್ತ ಎಂಬ ಭೇದವಿಲ್ಲ. ಸೋರುತ್ತಿರುವುದು ಮೈಯಲ್ಲೆಲ್ಲ ಹರಿಯುವ ಅದೇ ರಕ್ತ. ಅದು ಹೆಪ್ಪುಗಟ್ಟದಂತೆ ಉಂಬಳ ತನ್ನ ಜೊಲ್ಲಿನ ಪ್ರೋಟೀನನ್ನು ಗಾಯದೊಳಗೆ ಬಿಟ್ಟು ಹೋಗಿದೆ, ಅಷ್ಟೆ.

ನಿಮ್ಮಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವುದನ್ನು ನೋಡಿರುತ್ತೀರಿ. ರಕ್ತದಲ್ಲಿ ಫೈಬ್ರಿನೋಜನ್ ಎಂಬ ಪ್ರೋಟೀನು ಸಿಪ್ಪೆ ಸುಲಿಯದ ಅಡಿಕೆಯಂತೆ ಸುಮ್ಮನೆ ತೇಲುತ್ತಿರುತ್ತದೆ. ಗಾಯವಾದೊಡನೆ ಥ್ರಾಂಬಿನ್ ಎಂಬ ಕಿಣ್ವ ಹುಟ್ಟಿ, ಅದರ ತುದಿಯ ಸಣ್ಣ ತುಣುಕುಗಳನ್ನು ಕತ್ತರಿಸುತ್ತದೆ. ಒಳಗಿನ ಅಂಟುವ ಭಾಗ ಹೊರಬಿದ್ದು, ಒಂದಕ್ಕೊಂದು ಹಿಡಿದುಕೊಂಡು ಫೈಬ್ರಿನ್ ಎಳೆಗಳಾಗುತ್ತವೆ. ಎಳೆಗಳ ಬಲೆಯಲ್ಲಿ ರಕ್ತಕಣಗಳು ಸಿಕ್ಕಿಬಿದ್ದರೆ ಅದೇ ಹೆಪ್ಪು.

ಉಂಬಳ ಕೈ ಹಾಕುವುದು ಈ ಕತ್ತಿಗೇ. ಔಷಧಕ್ಕೆ ಬಳಸುವ ಯುರೋಪಿನ ಜಿಗಣೆಯ ಜೊಲ್ಲಿನಲ್ಲಿ 65 ಅಮೈನೋ ಆಮ್ಲಗಳ ಹಿರುಡಿನ್ ಇದೆ. ಅದರ ಒಂದು ತುದಿ ಥ್ರಾಂಬಿನ್‌ನ ಅಲಗಿಗೆ ಅಡ್ಡ ಕೂರುತ್ತದೆ, ಬಾಲ ಫೈಬ್ರಿನೋಜನ್ ಬಂದು ಕೂರಬೇಕಾದ ಜಾಗವನ್ನೂ ಆಕ್ರಮಿಸುತ್ತದೆ. ಒಂದು ಅಣುವಿಗೆ ಒಂದು ಅಣು, ಬಿಡಿಸಲಾಗದ ಹಿಡಿತ! ಪಠ್ಯದಲ್ಲಿ ಹಿರುಡಿನ್ ಹೆಸರೇ ಸಿಗುತ್ತದೆ, ಆದರೆ ನಮ್ಮ ಮಲೆನಾಡಿನ ಉಂಬಳಗಳದ್ದು ಹಿಮಾಡಿಪ್ಸಾ ಎಂಬ ಬೇರೆ ಕುಲ. ಆ ಹೆಸರಿನ ಅರ್ಥವೇ ರಕ್ತದ ಬಾಯಾರಿಕೆ. ಈ ಕುಲದ ಒಂದು ಪ್ರಭೇದದಲ್ಲಿ ಇದೇ ಕೆಲಸ ಮಾಡುವ, 57 ಅಮೈನೋ ಆಮ್ಲಗಳ ಹಿಮಾಡಿನ್ ಇರುವುದನ್ನು 1993ರಲ್ಲಿ ವಿವರಿಸಿದರು. ಹಿರುಡಿನ್ ಮಾದರಿಯಿಂದ ಬೈವಲಿರುಡಿನ್ ಎಂಬ ಹೃದ್ರೋಗದ ಔಷಧವೂ ಬಂದಿದೆ. ನನಗೆ ಜೀವರಸಾಯನ ಹಿಡಿಸಿದ್ದು ಇಂಥ ಸಂಗತಿಗಳಿಂದಲೇ.

ಪ್ರಾಣಿಶಾಸ್ತ್ರದಲ್ಲಿ ಉಂಬಳ ಎರೆಹುಳುವಿನ ನೆಂಟ: ಎರಡೂ ಅನೆಲಿಡಾ ವಂಶದವು. ಎರಡಕ್ಕೂ ಉಸಿರಾಟ ಚರ್ಮದಿಂದ, ಚರ್ಮ ಒದ್ದೆಯಿರಲೇಬೇಕು. ಅದಕ್ಕೇ ಆರಿದ್ರಾ, ಪುನರ್ವಸು ಮಳೆಯಲ್ಲಿ ದರಗಿನ ಮೇಲೆಲ್ಲ ಕಾಣುವ ಉಂಬಳ ಬೇಸಿಗೆಯಲ್ಲಿ ನಾಪತ್ತೆ. ಉಪ್ಪು ಹಾಕಿದರೆ ಮುದುಡುವುದೂ ಇದರಿಂದಲೇ, ಪರಾಸರಣದಿಂದ ಮೈಯ ನೀರು ಹೊರಗೆ ಎಳೆದುಹೋಗುತ್ತದೆ. ಆದರೆ ಕಚ್ಚಿಕೊಂಡಿರುವಾಗ ಉಪ್ಪು, ಸುಣ್ಣ ಹಾಕಬೇಡಿ. ಅದು ಹೊಟ್ಟೆಯಲ್ಲಿದ್ದದ್ದನ್ನು ಗಾಯಕ್ಕೇ ಕಕ್ಕಬಹುದು. ಸಣ್ಣ ತುದಿಯ ಕಡೆ, ಬಾಯಿಯ ಪಕ್ಕ ಉಗುರು ತೂರಿಸಿ ಮೆಲ್ಲಗೆ ಬಿಡಿಸಿ.

ಆಮೇಲೆ ಸೋಪು ನೀರಿನಲ್ಲಿ ತೊಳೆದು ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಹರಿಯುವ ರಕ್ತದೊಂದಿಗೆ ಉಂಬಳದ ಪ್ರೋಟೀನು ತೊಳೆದುಹೋಗುತ್ತದೆ, ಹೊಸ ಥ್ರಾಂಬಿನ್ ಹುಟ್ಟುತ್ತಲೇ ಇರುತ್ತದೆ, ಕೊನೆಗೆ ಹೆಪ್ಪು ಕಟ್ಟಿಯೇ ಕಟ್ಟುತ್ತದೆ. ನಿಂತಿತೇ ಎಂದು ಮತ್ತೆ ಮತ್ತೆ ಒರೆಸಿ ನೋಡಿದರೆ ಆಗಷ್ಟೇ ಕಟ್ಟಿದ ಎಳೆಗಳೂ ಬಟ್ಟೆಯ ಜೊತೆ ಕಿತ್ತು ಬರುತ್ತವೆ.