ಮರಿಯ ಮೈಯಳತೆಗೊಂದು ಗೂಡು

ಕೋಲಾರದ ಕಡೆ ಬೆಳೆಗಾರರ ಮನೆಗೆ ಹೊಸ ನಾಯಿಮರಿ ಬಂದರೆ ಅದರ ಮೊದಲ ಹಾಸಿಗೆ ಬಹುಮಟ್ಟಿಗೆ ಟೊಮೆಟೊ ಕ್ರೇಟೇ. ಎಪಿಎಂಸಿಗೆ 15 ಕೆ.ಜಿ. ಹಣ್ಣು ಹೊರುವ ಆ ಪ್ಲಾಸ್ಟಿಕ್ ಪೆಟ್ಟಿಗೆ ಹಿತ್ತಲಲ್ಲಿ ಒಂದೆರಡು ಬಿದ್ದೇ ಇರುತ್ತದೆ. ಒಳಗೊಂದು ಹಳೇ ಸೀರೆ ತುಂಡು ಹಾಸಿದರೆ ಆಯಿತು. ಈ ಯೋಚನೆ ಪೂರ್ತಿ ತಪ್ಪಲ್ಲ. ಸುತ್ತ ಕಿಂಡಿ, ಚೆನ್ನಾಗಿ ಗಾಳಿ, ಪುಟ್ಟ ಮರಿಗೆ ಸಾಕಾಗುವಷ್ಟು ಜಾಗ, ಎಲ್ಲ ಇದೆ. ಆದರೆ ತಳದ ಕಿಂಡಿಗಳಲ್ಲಿ ಮರಿಯ ಕಾಲ್ಬೆರಳು ಸಿಕ್ಕಿಕೊಳ್ಳುತ್ತದೆ, ಅಂಚು ಹತ್ತಿ ಅದು ಹೊರಗೆ ಬೀಳುತ್ತದೆ, ತೋಟದಿಂದ ಬಂದ ಕ್ರೇಟಿನಲ್ಲಿ ಔಷಧಿ ಹೊಡೆದ ಹಣ್ಣಿನ ರಸ ಅಂಟಿರಬಹುದು. ಒಂದೆರಡು ರಾತ್ರಿಗೆ ಸರಿ, ಆಮೇಲೆ ಸರಿಯಾದದ್ದೇ ಬೇಕು.

ಕೊಳ್ಳಲು ಹೋದಾಗ ಕಿವಿಗೆ ಬೀಳುವ ಮೊದಲ ಮಾತು: "ದೊಡ್ಡದೇ ತಗೊಳ್ಳಿ, ಬೆಳೆಯೋ ಮರಿ." ಮಕ್ಕಳ ಯೂನಿಫಾರ್ಮಿಗೆ ಸರಿಹೋಗುವ ಈ ಲೆಕ್ಕ ನಾಯಿಮರಿಯ ಗೂಡಿಗೆ ಸರಿಹೋಗದು. ಕಾರಣ ಮರಿಯ ಮೂತ್ರಕೋಶದಲ್ಲಿದೆ.

ಹುಟ್ಟಿದ ಮೊದಲ ಎರಡು ಮೂರು ವಾರ ಮರಿ ತಾನಾಗಿ ಉಚ್ಚೆ ಹೊಯ್ಯಲಾರದು. ತಾಯಿ ಹೊಟ್ಟೆಯ ಕೆಳಭಾಗ ನೆಕ್ಕಿದಾಗ ಮಾತ್ರ ಬರುತ್ತದೆ, ತಾಯಿಯೇ ಅದನ್ನು ನೆಕ್ಕಿ ಜಾಗ ಒಣಗಿಸುತ್ತದೆ. ಕಾಲು ಬಲಿತ ಮೇಲೆ ಮರಿ ತೂರಾಡುತ್ತಲೇ ಮಲಗಿದ ಜಾಗದಿಂದ ನಾಲ್ಕು ಹೆಜ್ಜೆ ಆಚೆ ಹೋಗಿ ಮುಗಿಸಿ ಬರುತ್ತದೆ. ಮಲಗುವ ಜಾಗ ಕೊಳೆ ಮಾಡದ ಈ ಗುಣವೇ ಮನೆಯ ಶುಚಿ ಕಲಿಸಲು ನಮಗಿರುವ ದೊಡ್ಡ ಆಸರೆ. ಗೂಡು ವಿಶಾಲವಾದರೆ ಒಂದು ಮೂಲೆ ಹಾಸಿಗೆ, ಇನ್ನೊಂದು ಮೂಲೆ ಕಕ್ಕಸು ಎಂದು ಮರಿ ತಾನೇ ಹಂಚಿಕೊಳ್ಳುತ್ತದೆ. ಆ ಅಭ್ಯಾಸ ಒಮ್ಮೆ ಕೂತರೆ ಬಿಡಿಸುವುದು ಕಷ್ಟ.

ಹಾಗಾದರೆ ಎಷ್ಟು ಬೇಕು? ಮರಿಯನ್ನು ನಿಲ್ಲಿಸಿ ಮೂಗಿನ ತುದಿಯಿಂದ ಬಾಲದ ಬುಡದವರೆಗೆ ಟೇಪು ಹಿಡಿಯಿರಿ, ಬಾಲ ಸೇರಿಸಬೇಡಿ. ಅದಕ್ಕೆ ಸುಮಾರು 10 ಸೆಂ.ಮೀ. ಕೂಡಿಸಿದರೆ ಗೂಡಿನ ಉದ್ದ. ಕೂತಾಗಲೋ ನಿಂತಾಗಲೋ ನೆತ್ತಿ ಯಾವುದು ಎತ್ತರವೋ ಅದಕ್ಕೂ ಅಷ್ಟೇ ಕೂಡಿಸಿ. ನಿಲ್ಲಬೇಕು, ಸುತ್ತು ಹಾಕಬೇಕು, ಕಾಲು ಚಾಚಿ ಮಲಗಬೇಕು, ಅಷ್ಟೇ. ಪ್ರತಿ ತಿಂಗಳೂ ಹೊಸ ಗೂಡು ಕೊಳ್ಳಬೇಕಿಲ್ಲ. ನಡುವೆ ಸರಿಸಬಹುದಾದ ಅಡ್ಡತಟ್ಟಿ ಇರುವ, 24 ಇಂಚು ಉದ್ದದ ತಂತಿ ಗೂಡು ಶಿಹ್ ತ್ಸು ಅಥವಾ ಪಗ್ ಜಾತಿಗೆ ಬೆಳೆದ ಮೇಲೂ ಸಾಮಾನ್ಯವಾಗಿ ಸಾಕು. ಮರಿ ಬೆಳೆದಂತೆ ತಟ್ಟಿ ಹಿಂದಕ್ಕೆ ಸರಿಸುತ್ತಾ ಹೋಗಿ.

ಪಮೇರಿಯನ್ ವಿಷಯದಲ್ಲಿ ಮಾತ್ರ ಸ್ವಲ್ಪ ಎಚ್ಚರ ಬೇಕು. ತುಮಕೂರಿರಲಿ, ಚಿಕ್ಕಬಳ್ಳಾಪುರವಿರಲಿ, ನಮ್ಮಲ್ಲಿ ಆ ಹೆಸರಿನಲ್ಲಿ ಸಾಕುವ ಬಿಳಿ ನಾಯಿಗಳಲ್ಲಿ ಬಹಳಷ್ಟು ನಿಜವಾಗಿ ಇಂಡಿಯನ್ ಸ್ಪಿಟ್ಜ್. ಅಚ್ಚ ಪಮೇರಿಯನ್ ಬೆಳೆದರೂ 3 ಕೆ.ಜಿ. ಆಸುಪಾಸು. ಸ್ಪಿಟ್ಜ್‌ನ ಸಣ್ಣ ಬಗೆಯೇ 5ರಿಂದ 7 ಕೆ.ಜಿ. ತೂಗುತ್ತದೆ, ದೊಡ್ಡ ಬಗೆ 12 ಕೆ.ಜಿ.ಯನ್ನೂ ದಾಟುತ್ತದೆ. ಎರಡು ತಿಂಗಳ ಮರಿಯಲ್ಲಿ ಈ ವ್ಯತ್ಯಾಸ ಸುಲಭವಾಗಿ ಕಾಣದು. ತಾಯಿಯನ್ನು ನೋಡಿ ಬನ್ನಿ, ಗೂಡಿನ ಅಳತೆ ಅಲ್ಲೇ ಸಿಗುತ್ತದೆ. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ ಎಂದು 2017ರ ಕೇಂದ್ರ ನಿಯಮವೇ ಹೇಳುವುದರಿಂದ ಅಲ್ಲಿಯವರೆಗೆ ಮರಿ ತಾಯಿಯ ಬಳಿಯೇ ಇದ್ದಿರಬೇಕು, ತಾಯಿಯನ್ನು ತೋರಿಸಿ ಎಂದು ಕೇಳಲು ಸಂಕೋಚಪಡಬೇಕಿಲ್ಲ.

ಅಳತೆಯಷ್ಟೇ ಮುಖ್ಯವಾದದ್ದು ಗಾಳಿ. ನನ್ನ ಮಟ್ಟಿಗೆ ನಮ್ಮ ಬಯಲುಸೀಮೆಯಲ್ಲಿ ಅಳತೆಗಿಂತಲೂ ಒಂದು ಕೈ ಮುಖ್ಯ. ನಾಯಿಯ ಮೈಶಾಖ ಸಹಜವಾಗಿ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. ಮೈ ತಂಪು ಮಾಡಿಕೊಳ್ಳಲು ನಮ್ಮಂತೆ ಅದು ಬೆವರಲಾರದು. ಬೆವರಿನ ಗ್ರಂಥಿಗಳು ಕೆಲಸಕ್ಕೆ ಬರುವುದು ಅಂಗಾಲಲ್ಲಿ ಮಾತ್ರ. ಉಳಿದದ್ದೆಲ್ಲ ನಾಲಿಗೆ, ಬಾಯಿ, ಮೂಗಿನ ಒಳಪದರದ ಕೆಲಸ. ನಾಯಿ ನಾಲಿಗೆ ಚಾಚಿ ತೇಕುವಾಗ ಅಲ್ಲಿನ ತೇವ ಆವಿಯಾಗುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು, ಆ ಶಾಖವನ್ನು ಅದು ರಕ್ತದಿಂದಲೇ ಎಳೆದುಕೊಳ್ಳುತ್ತದೆ. ಸುತ್ತಲ ಗಾಳಿ ಒಣಗಿದ್ದು ಚಲಿಸುತ್ತಿದ್ದರೆ ಈ ಏರ್ಪಾಡು ಸೊಗಸಾಗಿ ನಡೆಯುತ್ತದೆ.

ಈಗ ಅದೇ ಮರಿಯನ್ನು, ಮುಂದೆ ಮಾತ್ರ ಜಾಲರಿ ಇದ್ದು ಪಕ್ಕದಲ್ಲಿ ನಾಲ್ಕು ಸೀಳು ಬಿಟ್ಟ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿಟ್ಟು ನೋಡಿ. ಅದು ಉಸಿರಿನಲ್ಲಿ ಬಿಟ್ಟ ತೇವ ಒಳಗೇ ನಿಲ್ಲುತ್ತದೆ. ತೇವ ಹೆಚ್ಚಿದಷ್ಟೂ ಆವಿಯಾಗುವುದು ಕಡಿಮೆ. ಆವಿ ಕಡಿಮೆಯಾದರೆ ಮರಿ ಇನ್ನೂ ಜೋರಾಗಿ ತೇಕುತ್ತದೆ. ತೇಕುವುದೂ ಸ್ನಾಯುಗಳ ದುಡಿಮೆಯೇ ಆದ್ದರಿಂದ ಮೈ ಇನ್ನಷ್ಟು ಕಾಯುತ್ತದೆ. ಮೈಶಾಖ 41 ದಾಟಿದರೆ ಜೀವಕ್ಕೇ ಅಪಾಯ. ಮೂಗೇ ಚಪ್ಪಟೆಯಾದ ಪಗ್, ಶಿಹ್ ತ್ಸುಗಳಿಗೆ ಗಾಳಿಯ ದಾರಿ ಹುಟ್ಟಿನಿಂದಲೇ ಕಿರಿದು, ಅವು ಬೇಗ ಸೋಲುತ್ತವೆ. ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ದಾಟಿ, ಕರೆಂಟೂ ಹೋಗಿ, ಮೇಲೆ ಶೀಟು ಕಾದಿರುವ ಮನೆಯಲ್ಲಿ ಪ್ಲಾಸ್ಟಿಕ್ ಗೂಡಿನ ಬಾಗಿಲು ಹಾಕಲೇಬಾರದು. ಆ ಪೆಟ್ಟಿಗೆ ಪಶುವೈದ್ಯರ ಬಳಿ ಹೋಗಿಬರಲಿಕ್ಕೆ ಇರಲಿ. ಮನೆಯಲ್ಲಿ ಮಲಗಲು ನಾಲ್ಕೂ ಕಡೆ ಗಾಳಿಯಾಡುವ ತಂತಿ ಗೂಡೇ ವಾಸಿ. ಬಟ್ಟೆಯ ಮಡಚುವ ಗೂಡು ನೋಡಲು ಚೆಂದ, ಆದರೆ ಮರಿಯ ಹಲ್ಲಿನ ಮುಂದೆ ಬಾಳದು.

ಡಿಸೆಂಬರಿನಲ್ಲಿ ಸಮಸ್ಯೆ ತಿರುವುಮುರುವು. ಮೈ ಸಣ್ಣದಾದಷ್ಟೂ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಹೆಚ್ಚು, ಶಾಖ ಬೇಗ ಸೋರುತ್ತದೆ. ನಂದಿಬೆಟ್ಟದ ಸುತ್ತಿನ ಹಳ್ಳಿಗಳಲ್ಲಿ ಬೆಳಗಿನ ಜಾವ ಮರಿ ನಡುಗಲು ಇದೇ ಕಾರಣ. ಗೂಡಿನ ಮೂರು ಬದಿಗೆ ಹೊದಿಕೆ ಹಾಕಿ ಒಂದು ಬದಿ ತೆರೆದಿಡಿ, ನೆಲದಿಂದ ಒಂದು ಹಲಗೆ ಎತ್ತರಿಸಿ. ನಡುಕಕ್ಕೆ ಚಳಿಯೊಂದೇ ಕಾರಣವೆಂದು ಸುಮ್ಮನಾಗಬೇಡಿ. ಪುಟ್ಟ ಜಾತಿಯ ಮರಿಯ ಲಿವರಿನಲ್ಲಿ ಸಕ್ಕರೆಯ ದಾಸ್ತಾನು ತೀರಾ ಕಡಿಮೆ. ಮೂರು ನಾಲ್ಕು ಗಂಟೆಗೊಮ್ಮೆ ತಿನ್ನದಿದ್ದರೆ ರಕ್ತದ ಸಕ್ಕರೆ ಇಳಿದು ನಡುಗುತ್ತದೆ, ತೂರಾಡುತ್ತದೆ, ಕೊನೆಗೆ ಫಿಟ್ಸೂ ಬರಬಹುದು. ಒಸಡಿಗೆ ಜೇನು ಸವರಿ ಕೂಡಲೇ ವೈದ್ಯರ ಬಳಿ ಓಡಬೇಕು.

ನಮ್ಮ ಊರುಗಳಲ್ಲಿ ವೆಲ್ಡಿಂಗ್ ಅಂಗಡಿಯಲ್ಲೇ ಗೂಡು ಮಾಡಿಸುವವರು ಬಹಳ. ಮಾಡಿಸಿ, ತಪ್ಪಿಲ್ಲ. ಕಂಬಿಯಿಂದ ಕಂಬಿಗೆ ಸಂದು 2.5 ಸೆಂ.ಮೀ. ಮೀರದಿರಲಿ, ಇಲ್ಲದಿದ್ದರೆ ಮರಿ ದವಡೆ ತೂರಿಸಿ ಸಿಕ್ಕಿಕೊಳ್ಳುತ್ತದೆ. ದುಡ್ಡು ಕೊಡುವ ಮುಂಚೆ ಒಳಗೆ ಕೈ ಹಾಕಿ ಪ್ರತಿ ಬೆಸುಗೆಯ ಮೇಲೂ ಬೆರಳಾಡಿಸಿ, ಬೆರಳಿಗೆ ಚುಚ್ಚುವ ಮುಳ್ಳು ಮರಿಯ ಕಣ್ಣಿಗೂ ಚುಚ್ಚುತ್ತದೆ. ತಳಕ್ಕೆ ಬರೀ ಜಾಲರಿ ಬೇಡ, ತೆಗೆದು ತೊಳೆಯಬಹುದಾದ ತಟ್ಟೆ ಬೇಕು. ಬಣ್ಣದ ಬಗ್ಗೆ ಖಂಡಿತ ಕೇಳಿ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದೆಂಬ ನಿಯಮ 2017ರ ನವೆಂಬರಿನಿಂದ ಜಾರಿಯಲ್ಲಿದೆ, ಕೈಗಾರಿಕೆಯ ಬಣ್ಣಗಳು ಅದರ ವ್ಯಾಪ್ತಿಯಲ್ಲಿಲ್ಲ. ಮೂರರಿಂದ ಆರು ತಿಂಗಳ ನಡುವೆ ಮರಿಯ 28 ಹಾಲುಹಲ್ಲು ಬಿದ್ದು 42 ಹೊಸ ಹಲ್ಲು ಬರುವಾಗ ಅದು ಸಿಕ್ಕಿದ್ದನ್ನೆಲ್ಲ ಕಡಿಯುತ್ತದೆ, ಕಂಬಿಯ ಬಣ್ಣ ನೇರ ಹೊಟ್ಟೆಗೆ. ಕೈಯಲ್ಲಿ ಆದರೆ ಸ್ಟೇನ್‌ಲೆಸ್ ಸ್ಟೀಲೇ ಹಾಕಿಸಿ. ಗೂಡಿನೊಳಗೆ ಬಿಡುವಾಗ ಕತ್ತಿನ ಪಟ್ಟಿ ಬಿಚ್ಚಿಬಿಡಿ, ಅದು ಕಂಬಿಗೆ ಸಿಕ್ಕಿ ಉರುಲಾದದ್ದುಂಟು.

ಯಾರೋ ಪುಕ್ಕಟೆ ಕೊಟ್ಟ ಹಳೇ ಗೂಡಿನ ಮೇಲೆ ನನಗೆ ನಂಬಿಕೆ ಕಡಿಮೆ. 1978ರ ಹೊತ್ತಿಗೆ ಗುರುತಾಗಿ ಲೋಕವೆಲ್ಲ ಹಬ್ಬಿದ ಪಾರ್ವೊ ವೈರಸ್ ಮರಿಗಳ ಕರುಳನ್ನೇ ಹಾಳುಮಾಡುತ್ತದೆ, ವಸ್ತುಗಳ ಮೇಲೆ ತಿಂಗಳುಗಟ್ಟಲೆ ಬದುಕುತ್ತದೆ. ಫಿನಾಯಿಲಿಗೆ ಅದು ಜಗ್ಗದು. ಸೋಪಿನಲ್ಲಿ ಕೊಳೆ ಪೂರ್ತಿ ತೊಳೆದು, ಒಂದು ಪಾಲು ಬ್ಲೀಚಿಗೆ ಮೂವತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ನೆನೆಸಿ, ಮತ್ತೆ ತೊಳೆದು ಬಿಸಿಲಿಗಿಡಬೇಕು. ಬೆಸುಗೆಯ ಸಂದುಗಳಲ್ಲಿ ಉಣ್ಣೆಹುಳು ಮೊಟ್ಟೆಯಿಟ್ಟಿರಬಹುದು, ಒಂದು ಹೆಣ್ಣು ಸಾವಿರಾರು ಇಡುತ್ತದೆ. ಮರಿಯ ಲಸಿಕೆಯ ಸರಣಿ ಮುಗಿಯುವುದು ಹದಿನಾರು ವಾರದ ಹೊತ್ತಿಗೆ, ಅಲ್ಲಿಯವರೆಗೆ ರೋಗವಿದ್ದ ಮನೆಯ ಗೂಡು ಬೇಡವೇ ಬೇಡ.

"ನಾಯಿ ಗವಿಯ ಪ್ರಾಣಿ, ಕೂಡಿಟ್ಟರೆ ಅದಕ್ಕೆ ಖುಷಿ" ಎನ್ನುವುದು ಅರ್ಧ ಸತ್ಯ. ತೋಳಗಳು ಬಿಲ ಹಿಡಿಯುವುದು ಮರಿ ಹಾಕಿ ಸಾಕುವ ವಾರಗಳಲ್ಲಿ ಮಾತ್ರ, ಆ ಬಿಲಕ್ಕೆ ಚಿಲಕವೂ ಇರುವುದಿಲ್ಲ. ಬಾಗಿಲು ತೆರೆದಿಟ್ಟು, ಊಟ ಒಳಗೇ ಕೊಟ್ಟು, ಮರಿ ತಾನಾಗಿ ಹೋಗಿ ಮಲಗುವಂತಾದ ಮೇಲಷ್ಟೇ ಚಿಲಕದ ಮಾತು. ಮೊದಲ ರಾತ್ರಿಗಳಲ್ಲಿ ಗೂಡು ನಿಮ್ಮ ಮಂಚದ ಪಕ್ಕದಲ್ಲೇ ಇರಲಿ, ಒಡಹುಟ್ಟಿದ ಮರಿಗಳ ಬಿಸಿ ಬಿಟ್ಟು ಬಂದ ಜೀವ ಅದು.

ಹಗಲಲ್ಲಿ ಎಷ್ಟು ಹೊತ್ತು? ಮರಿಗೆ ಎಷ್ಟು ತಿಂಗಳೋ ಅದಕ್ಕೆ ಒಂದು ಕೂಡಿಸಿದಷ್ಟು ಗಂಟೆ ಎಂಬುದು ಪಶುವೈದ್ಯರ ರೂಢಿಯ ಲೆಕ್ಕ. ಎರಡು ತಿಂಗಳ ಮರಿಗೆ ಮೂರು ಗಂಟೆ, ಪುಟ್ಟ ಜಾತಿಯಾದರೆ ಇನ್ನೂ ಕಡಿಮೆ. ಅಮೆರಿಕದ ಜ್ಯಾಕ್ಸನ್ ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ನಾಯಿಮರಿಗಳನ್ನು ಗಮನಿಸಿದ ಸ್ಕಾಟ್ ಮತ್ತು ಫುಲ್ಲರ್ 1965ರಲ್ಲಿ ತೋರಿಸಿಕೊಟ್ಟಂತೆ, ಮೂರರಿಂದ ಹನ್ನೆರಡು ವಾರದ ನಡುವೆ ಮರಿ ಕಂಡದ್ದು, ಕೇಳಿದ್ದು, ಮುಟ್ಟಿದ್ದು ಅದರ ಜೀವಮಾನದ ಸ್ವಭಾವವನ್ನೇ ತಿದ್ದುತ್ತದೆ. ಆ ದಿನಗಳನ್ನು ಕಂಬಿಯ ಹಿಂದೆ ಕಳೆಯುವಂತೆ ಮಾಡಬಾರದು. ಮೈಯಾಡಿಸಲು ಸಾಕಷ್ಟು ಎತ್ತರ, ಉದ್ದ, ಅಗಲವಿಲ್ಲದ ಪಂಜರದಲ್ಲಿ ಪ್ರಾಣಿಯನ್ನಿಡುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೂ ಹೌದು. ಬೆಳಿಗ್ಗೆ ಒಂಬತ್ತಕ್ಕೆ ಹೊರಟು ಸಂಜೆ ಆರಕ್ಕೆ ಬರುವವರ ಮನೆಗೆ ಯಾವ ಗೂಡೂ ಹೊಂದದು. ಅಡುಗೆಮನೆಯ ಪಕ್ಕ ಒಂದು ಮೂಲೆಗೆ ತಂತಿ ಬೇಲಿ ಕಟ್ಟಿ, ಗೂಡನ್ನು ಬಾಗಿಲು ತೆರೆದು ಒಳಗಿಟ್ಟು, ಒಂದು ಪಕ್ಕ ನೀರು, ದೂರದ ಪಕ್ಕ ಹಳೇ ಪೇಪರ್ ಹಾಸಿ. ಮಧ್ಯಾಹ್ನ ಎರಡು ಸಲ ಬಂದು ಊಟ ಹಾಕಿ ಪೇಪರ್ ಬದಲಿಸುವ ಒಬ್ಬರನ್ನು ಮರಿ ತರುವ ಮುಂಚೆಯೇ ಒಪ್ಪಿಸಿಕೊಳ್ಳಿ.